ಗ್ಲೋಡಿಸ್‌ಗೆ ವಿಶ್ವಕಪ್ ಯಾಕೆ ಕೈತಪ್ಪಿತು?

2022ರ ಸೆಪ್ಟೆಂಬರ್‌ನಲ್ಲಿ ಐಸ್‌ಲ್ಯಾಂಡಿನ ಮಹಿಳಾ ಫುಟ್‌ಬಾಲ್ ತಂಡ ಯೂಟ್ರೆಕ್ಟ್‌ನಲ್ಲಿ ನೆದರ್‌ಲ್ಯಾಂಡ್ಸ್ ಜೊತೆ ಡ್ರಾ ಮಾಡಿಕೊಂಡಿದ್ದರೆ ಸಾಕಿತ್ತು, ನೇರವಾಗಿ 2023ರ ವಿಶ್ವಕಪ್‌ಗೆ. 90 ನಿಮಿಷ ಗೋಲು ಬೀಳಲಿಲ್ಲ. ಇಂಜುರಿ ಟೈಮ್‌ನಲ್ಲಿ ನೆದರ್‌ಲ್ಯಾಂಡ್ಸ್ ಹೊಡೆಯಿತು. ಮುಂದಿನ ತಿಂಗಳು ಪೋರ್ಚುಗಲ್‌ನಲ್ಲಿ, ಪೋರ್ಚುಗಲ್ ವಿರುದ್ಧವೇ ಪ್ಲೇಆಫ್, ಅಂದರೆ ಕೊನೇ ಅವಕಾಶದ ಪಂದ್ಯ. ಅಲ್ಲಿ ರೆಡ್ ಕಾರ್ಡ್, ಪೆನಾಲ್ಟಿ, ಗೋಲು ಎಲ್ಲ ಒಟ್ಟಿಗೇ ಬಂದವು. ಹತ್ತೇ ಜನ ಉಳಿದ ಮೇಲೆ ಸಮಬಲದ ಗೋಲು ಹೊಡೆದವರು ಡಿಫೆಂಡರ್ ಗ್ಲೋಡಿಸ್ ಪೆರ್ಲಾ ವಿಗ್ಗೋಸ್‌ಡೋತ್ತಿರ್. ಎಕ್ಸ್‌ಟ್ರಾ ಟೈಮ್‌ನಲ್ಲಿ ತಂಡದ ಉಸಿರು ನಿಂತಿತು. 4-1ರ ಸೋಲು.

ಗ್ಲೋಡಿಸ್ ಹುಟ್ಟಿದ್ದು 1995ರಲ್ಲಿ. ಐಸ್‌ಲ್ಯಾಂಡಿನ ಜನಸಂಖ್ಯೆ ಈಗಲೂ 4 ಲಕ್ಷ ಮುಟ್ಟಿಲ್ಲ. ಚಳಿಗಾಲದಲ್ಲಿ ಹೊರಗೆ ಆಡೋಕೆ ಆಗಲ್ಲ ಅಂತ 2000ರಿಂದೀಚೆಗೆ ಊರೂರಲ್ಲಿ ಛಾವಣಿ ಹಾಕಿದ ಮೈದಾನಗಳನ್ನು ಕಟ್ಟಿದರು. ಈ ಸವಲತ್ತಿನ ಫಲ ಅಂದರೆ ಎಲ್ಲರಿಗೂ 2016ರ ಯೂರೋದಲ್ಲಿ (ಯುರೋಪಿನ ದೇಶಗಳ ಟೂರ್ನಿ) ಇಂಗ್ಲೆಂಡನ್ನು ಸೋಲಿಸಿದ ಗಂಡಸರ ತಂಡವೇ ನೆನಪಾಗುತ್ತದೆ. ಆದರೆ ಹೆಂಗಸರು 2009ರಲ್ಲೇ ಯೂರೋ ಆಡಿದ್ದರು. ಯಾರೂ ಇದನ್ನು ಜಾಸ್ತಿ ಹೇಳಲ್ಲ, ಅಲ್ವಾ?

2012ರಲ್ಲಿ, 17ನೇ ವಯಸ್ಸಿಗೆ, ಗ್ಲೋಡಿಸ್ ದೇಶದ ತಂಡಕ್ಕೆ ಬಂದರು. ಮರುವರ್ಷವೇ ಯೂರೋ ಆಡಿದರು. ಸ್ಟ್ಯಾರ್ನನ್ ಕ್ಲಬ್ ಜೊತೆ 2013 ಮತ್ತು 2014ರಲ್ಲಿ ಲೀಗ್ ಗೆದ್ದು ಸ್ವೀಡನ್‌ಗೆ ಹೋದರು. ಮೊದಲು ಎಸ್ಕಿಲ್‌ಸ್ಟುನಾ ಕ್ಲಬ್, ಆಮೇಲೆ ರೂಸೆನ್‌ಗೋರ್ಡ್. ತಮ್ಮೂರಿನ ಲೀಗ್ ಚಿಕ್ಕದಾದ್ದರಿಂದ ಐಸ್‌ಲ್ಯಾಂಡಿನ ಹುಡುಗಿಯರು ಹೀಗೆ ಹೊರಡುವುದು ಮಾಮೂಲು.

2021ರಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ ಸೇರಿದ ಮೇಲೆ ಅವರ ಬೆಲೆ ಜಗತ್ತಿಗೆ ಗೊತ್ತಾಯಿತು. 2023ರಲ್ಲಿ ನಾಯಕಿಯಾದರು. ಆ ಸೀಸನ್‌ನಲ್ಲೇ (2023-24) ತಂಡ ಜರ್ಮನ್ ಲೀಗ್ ಬುಂಡೆಸ್‌ಲೀಗಾದ 22 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. 2025ರಲ್ಲಿ ಲೀಗ್ ಜೊತೆ ಜರ್ಮನ್ ಕಪ್ ಕೂಡ ಬಂತು. ಸ್ಲೈಡಿಂಗ್ ಟ್ಯಾಕಲ್ ಮಾಡಿ ಚಪ್ಪಾಳೆ ಗಿಟ್ಟಿಸುವ ಜಾತಿಯ ಆಟ ಅವರದ್ದಲ್ಲ. ಪಾಸ್ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಊಹಿಸಿ ಅಲ್ಲಿ ನಿಂತಿರುತ್ತಾರೆ. ಹೀಗಾಗಿ ಹೈಲೈಟ್ಸ್ ನೋಡಿ ಅವರನ್ನು ಅಳೆಯುವುದು ಸುಮ್ನೆ ದಂಡ.

ಹಾಗಾದರೆ ವಿಶ್ವಕಪ್ ಯಾಕಿಲ್ಲ? ಯೂರೋದಲ್ಲಿ ಯುರೋಪಿನ 16 ತಂಡಗಳಿಗೆ ಜಾಗ ಇದೆ. 2023ರ ವಿಶ್ವಕಪ್‌ನಲ್ಲಿ ಆಡಿದ್ದು 32 ತಂಡ. ಅದರಲ್ಲಿ ಯುರೋಪಿನವು 12. ಅರ್ಹತಾ ಸುತ್ತಿನ ಗುಂಪಿನಲ್ಲಿ ಮೊದಲ ಸ್ಥಾನ ಬಂದರಷ್ಟೇ ನೇರ ಪ್ರವೇಶ, ಇಲ್ಲದಿದ್ದರೆ ಪ್ಲೇಆಫ್ ಜೂಜು. ಐಸ್‌ಲ್ಯಾಂಡ್ ಬೀಳುವುದು ಸರಿಯಾಗಿ ಆ ಅಂಚಿನಲ್ಲಿ. 2022ರ ಯೂರೋದಲ್ಲೂ ಹಾಗೇ ಆಯಿತು. ಬೆಲ್ಜಿಯಂ, ಇಟಲಿ, ಫ್ರಾನ್ಸ್ ಮೂರರ ಜೊತೆಗೂ 1-1. ಒಂದೂ ಸೋಲದೆ ಮನೆಗೆ.

ಹಾಗಂತ ದೊಡ್ಡವರಿಗೆ ಹೆದರುವ ತಂಡವಲ್ಲ ಇದು. 2024ರ ಜುಲೈನಲ್ಲಿ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನು 3-0ಯಿಂದ ಮಣಿಸಿ ಮುಂದಿನ ಯೂರೋಗೆ ಟಿಕೆಟ್ ಪಡೆಯಿತು. ಗ್ಲೋಡಿಸ್ ಆ ವರ್ಷದ ಐಸ್‌ಲ್ಯಾಂಡಿನ ಶ್ರೇಷ್ಠ ಕ್ರೀಡಾಪಟುವಾಗಿ ಆಯ್ಕೆಯಾದರು. 2025ರ ಯೂರೋ ಮಾತ್ರ ಕೈಕೊಟ್ಟಿತು: ಮೂರಕ್ಕೆ ಮೂರೂ ಸೋಲು. ಮೊದಲ ಪಂದ್ಯದಲ್ಲಿ ಹೊಟ್ಟೆ ಕೆಟ್ಟು ನಾಯಕಿಯೇ ಹಾಫ್ ಟೈಮ್‌ಗೆ ಹೊರಗೆ ಕೂತಿದ್ದರು.