ಕಡಿಮೆ ಆರೈಕೆಯ ಕುಂಡದ ಗಿಡ ಯಾವುದು? ಮೊದಲು ತಳದ ಜಲ್ಲಿ ತೆಗೆಯಿರಿ

ಪ್ರಶ್ನೆ: ನಾವು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇವೆ. ಇಬ್ಬರೂ ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೋದರೆ ರಾತ್ರಿಯೇ ಬರುವುದು. ಮೇ ತಿಂಗಳಲ್ಲಿ ಎರಡು ವಾರ ಊರಿಗೆ ಹೋಗುತ್ತೇವೆ. ಬಾಲ್ಕನಿಯಲ್ಲಿ, ಗ್ರಿಲ್ಲಿನಲ್ಲಿ ಇಡಲು ಹೆಚ್ಚು ಆರೈಕೆ ಬೇಡದ ಗಿಡ ಯಾವುದು? ಹೋದ ವರ್ಷ ಕುಂಡದ ತಳಕ್ಕೆ ಜಲ್ಲಿ ಹಾಕಿಯೇ ನೆಟ್ಟಿದ್ದೆವು. ಆದರೂ ಮಳೆಗಾಲದಲ್ಲಿ ಎಲ್ಲ ಸತ್ತವು.

ಉತ್ತರ: ಬೇಸಿಗೆ ಶುರುವಾದ ಕೂಡಲೇ ಈ ಪ್ರಶ್ನೆ ಬರುತ್ತದೆ. ಕೇಳುವವರು ಒಮ್ಮೆ ಮುಲುಂಡ್‌ನವರು, ಒಮ್ಮೆ ಮೀರಾ ರೋಡಿನವರು. ಗಿಡದ ಹೆಸರು ಮಾತ್ರ ಹೇಳಿ ಸಾಕು ಅನ್ನುತ್ತಾರೆ. ಹೆಸರು ಹೇಳುತ್ತೇನೆ. ಆದರೆ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಕೊನೆಯ ಎರಡು ವಾಕ್ಯಗಳಲ್ಲಿದೆ. ಜಲ್ಲಿ ಹಾಕಿದ್ದೆವು, ಆದರೂ ಸತ್ತವು. "ಆದರೂ" ಅಲ್ಲ, ಆ ಜಲ್ಲಿಯೂ ಅದಕ್ಕೆ ಒಂದು ಕಾರಣ.

ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಎಂದು ನರ್ಸರಿಯ ಮಾಲಿ ಹೇಳುತ್ತಾನೆ, ಪಕ್ಕದ ಮನೆಯವರು ಹೇಳುತ್ತಾರೆ, ಊರಿಂದ ಬಂದ ಅತ್ತೆಯೂ ಹೇಳುತ್ತಾರೆ. ಕೇಳಲು ಸರಿ ಅನ್ನಿಸುತ್ತದೆ. ಕಲ್ಲಿನ ನಡುವೆ ದೊಡ್ಡ ಸಂದು ಇದೆ, ನೀರು ಜಾರಿ ಹೋಗುತ್ತದೆ ಅಲ್ವಾ? ಹೋಗುವುದಿಲ್ಲ. ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ.

ಪಾತ್ರೆ ತೊಳೆಯುವ ಹೊಸ ಸ್ಪಂಜು ಒಂದನ್ನು ಬಕೆಟ್ಟಿನಲ್ಲಿ ಮುಳುಗಿಸಿ. ಹಿಂಡಬೇಡಿ, ಅಡ್ಡಲಾಗಿ ಎತ್ತಿ ಹಿಡಿಯಿರಿ. ನೀರು ಸುರಿಯುತ್ತದೆ, ತೊಟ್ಟಿಕ್ಕುತ್ತದೆ, ಆಮೇಲೆ ನಿಲ್ಲುತ್ತದೆ. ಸ್ಪಂಜಿನಲ್ಲಿ ಇನ್ನೂ ನೀರಿದೆ, ಆದರೆ ಇಳಿಯುತ್ತಿಲ್ಲ. ಈಗ ಅದನ್ನು ಜಲ್ಲಿಯ ಮೇಲೆ ಇಡಿ. ಹೆಚ್ಚೇನೂ ಇಳಿಯುವುದಿಲ್ಲ. ಒಣಗಿದ ಕಾಟನ್ ಬಟ್ಟೆಯ ಮೇಲೆ ಇಡಿ. ಬಟ್ಟೆ ಕೂಡಲೇ ಒದ್ದೆಯಾಗುತ್ತದೆ. ಸಣ್ಣ ಸಂದುಗಳು ನೀರನ್ನು ಎಳೆದು ಹಿಡಿದುಕೊಳ್ಳುತ್ತವೆ, ದೊಡ್ಡ ಸಂದುಗಳಿಗೆ ಆ ಶಕ್ತಿ ಇಲ್ಲ. ಮಣ್ಣಿನ ಸಂದು ಸಣ್ಣದು, ಜಲ್ಲಿಯ ಸಂದು ದೊಡ್ಡದು. ಹಾಗಾಗಿ ಮಣ್ಣು ತನ್ನ ನೀರನ್ನು ಜಲ್ಲಿಗೆ ಬಿಟ್ಟುಕೊಡುವುದಿಲ್ಲ. ಮಣ್ಣಿನ ಕೆಳ ಪದರ ಪೂರ್ತಿ ತುಂಬಿ, ಇನ್ನು ಹಿಡಿಯಲಾರೆ ಎನ್ನುವಷ್ಟಾದ ಮೇಲೆ ಮಾತ್ರ ನೀರು ಕೆಳಗಿಳಿಯುತ್ತದೆ.

ಅಂದರೆ ಕುಂಡದಲ್ಲಿ ಮಣ್ಣು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮೇಲಕ್ಕೆ ಒಂದಿಷ್ಟು ಎತ್ತರ ಯಾವಾಗಲೂ ನೀರು ಕಟ್ಟಿಕೊಂಡಿರುತ್ತದೆ. ಆ ಎತ್ತರ ಮಣ್ಣಿನ ಗುಣದ ಮೇಲೆ ಹೋಗುತ್ತದೆ, ಕುಂಡದ ಆಳದ ಮೇಲೆ ಅಲ್ಲ. ನಿಮ್ಮ ಮಣ್ಣಿನಲ್ಲಿ ಅದು 2 ಇಂಚು ಅಂದುಕೊಳ್ಳೋಣ. 12 ಇಂಚಿನ ಕುಂಡದಲ್ಲಿ ಬೇರಿಗೆ 10 ಇಂಚು ಒಳ್ಳೆ ಜಾಗ ಸಿಗುತ್ತದೆ. 3 ಇಂಚು ಜಲ್ಲಿ ಹಾಕಿದಿರೋ, ಆ ಕೆಸರು ಪದರ 3 ಇಂಚು ಮೇಲೆ ಬಂದು ಕೂರುತ್ತದೆ. ಬೇರಿಗೆ ಉಳಿಯುವುದು 7 ಇಂಚು. ನೀರನ್ನು ದೂರ ಕಳಿಸುತ್ತೇವೆ ಅಂದುಕೊಂಡು ಬೇರಿನ ಹತ್ತಿರಕ್ಕೇ ತಂದಿರಿ. ಬೇರಿಗೆ ಗಾಳಿ ಬೇಕು. ಅದು ಸಿಗದಿದ್ದರೆ ಉಸಿರುಗಟ್ಟಿ ಕೊಳೆಯುತ್ತದೆ. ಬೇರು ಕೊಳೆತ ಗಿಡ ಮೇಲೆ ಬಾಡಿದ ಹಾಗೆ ಕಾಣುತ್ತದೆ. ಬಾಯಾರಿಕೆ ಅಂದುಕೊಂಡು ಮತ್ತೆ ಒಂದು ಚೊಂಬು ನೀರು ಸುರಿಯುತ್ತೇವೆ. ಅಲ್ಲಿಗೆ ಮುಗಿಯಿತು.

"ನಮ್ಮಜ್ಜಿ ಹಾಕುತ್ತಿದ್ದರಲ್ಲ?" ಎಂದು ಕೇಳುತ್ತೀರಿ. ಅಜ್ಜಿ ಹಾಕುತ್ತಿದ್ದುದು ತೂತಿನ ಮೇಲೆ ಬೋರಲಾಗಿ ಒಂದು ಹೆಂಚಿನ ಚೂರು. ಮಣ್ಣು ಸೋರಿ ಹೋಗದಿರಲಿ, ತೂತು ಕಟ್ಟದಿರಲಿ ಎಂದು. ಅದು ಸರಿ. ಈಗಲೂ ಹಾಕಿ, ಅಥವಾ ಸೊಳ್ಳೆಪರದೆಯ ತುಂಡು ಹಾಕಿ. ಜೊತೆಗೆ ಅವರ ಕುಂಡ ಸುಟ್ಟ ಮಣ್ಣಿನದು, ಅದರ ಗೋಡೆಯೇ ನೀರು ಆರಿಸುತ್ತಿತ್ತು. ನಿಮ್ಮದು ಪ್ಲಾಸ್ಟಿಕ್ ಇರಬೇಕು.

ಇನ್ನೊಂದು ಮಾತು. ಗ್ರಿಲ್ಲಿನಲ್ಲಿ ಸಾಲಾಗಿ ಕುಂಡ ಇಟ್ಟವರು ಜಲ್ಲಿಯ ಭಾರವನ್ನೂ ಲೆಕ್ಕ ಹಾಕಿ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ.

ಮುಂಬಯಿಯಲ್ಲಿ ಇದು ಯಾಕೆ ಇಷ್ಟು ಮುಖ್ಯ? ಇಲ್ಲಿ ಜುಲೈ ಒಂದರಲ್ಲೇ ಸರಾಸರಿ 800 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಪುಣೆ ನಗರಕ್ಕೆ ಇಡೀ ವರ್ಷ ಸೇರಿದರೂ ಸುಮಾರಾಗಿ ಅಷ್ಟಾಗುವುದಿಲ್ಲ. ಪುಣೆಯ ನೆಂಟರ ಮನೆಯಲ್ಲಿ ಚೆನ್ನಾಗಿ ಬಂದ ಗಿಡ ನಿಮ್ಮಲ್ಲಿ ಸತ್ತರೆ ನಿಮ್ಮ ಕೈಗುಣವನ್ನು ದೂರಬೇಡಿ. ಇಲ್ಲಿ ಕುಂಡದ ಗಿಡಗಳಿಗೆ ಮೇ ತಿಂಗಳ ಬಿಸಿಲಿಗಿಂತ ಮಳೆಗಾಲವೇ ಕಷ್ಟದ ಕಾಲ.

ಹಾಗಾದರೆ ಏನು ಮಾಡಬೇಕು? ಆ ಜಲ್ಲಿಯನ್ನು ತಳದಲ್ಲಿ ಇಡುವ ಬದಲು ಇಟ್ಟಿಗೆಯನ್ನು ಕಡಲೆಕಾಳಿನಷ್ಟು ಪುಡಿ ಮಾಡಿ ಇಡೀ ಮಣ್ಣಿಗೆ ಬೆರೆಸಿ. ಅರ್ಧ ಕೆಂಪು ಮಣ್ಣು, ಕಾಲು ಭಾಗ ಗೊಬ್ಬರ, ಕಾಲು ಭಾಗ ಇಟ್ಟಿಗೆ ಚೂರು. ತಳದಿಂದ ಮೇಲಿನವರೆಗೆ ಒಂದೇ ಮಿಶ್ರಣ ಇರಬೇಕು. ಕೊಕೊಪೀಟ್ ನೀರು ಹಿಡಿದಿಡುತ್ತದೆ, ಮಳೆ ಹೊಡೆಯುವ ಜಾಗದಲ್ಲಿ ಅದು ಕಡಿಮೆ ಇರಲಿ. ಅಗಲದ ತಗ್ಗು ಕುಂಡಕ್ಕಿಂತ ಎತ್ತರದ್ದು ಒಳ್ಳೆಯದು. ಕಾರಣ ಈಗ ನಿಮಗೇ ಗೊತ್ತು. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಇಡಿ, ತೂತು ನೆಲಕ್ಕೆ ಅಂಟಬಾರದು. ಮಳೆಗಾಲದಲ್ಲಿ ಕೆಳಗಿನ ತಟ್ಟೆ ತೆಗೆದುಬಿಡಿ. ನಿಂತ ನೀರಿನಲ್ಲಿ ಒಂದೆರಡು ವಾರದೊಳಗೆ ಡೆಂಗ್ಯೂ ಸೊಳ್ಳೆ ತಯಾರಾಗುತ್ತದೆ.

ಈಗ ಗಿಡಗಳು. ಪಶ್ಚಿಮದ ಬಿಸಿಲು ಹೊಡೆಯುವ ಬಾಲ್ಕನಿಗೆ ಬೋಗನ್‌ವಿಲ್ಲಾ. ನೀರು ಕಡಿಮೆಯಾದಷ್ಟೂ ಹೂ ಜಾಸ್ತಿ, ದಿನಾ ಹಾಕಿದರೆ ಬರೀ ಎಲೆ. ದೊಡ್ಡ ಕುಂಡದಲ್ಲಿದ್ದರೆ ಎರಡು ವಾರ ನೀರಿಲ್ಲದಿದ್ದಾಗ ಎಲೆ ಉದುರಿಸಿಕೊಂಡು ನಿಲ್ಲುತ್ತದೆ, ನೀರು ಬಿದ್ದ ಮೇಲೆ ಚಿಗುರುತ್ತದೆ. ಅಡೆನಿಯಂ ತನ್ನ ದಪ್ಪ ಬುಡದಲ್ಲೇ ನೀರು ಕೂಡಿಡುತ್ತದೆ. ನೀವು ಊರಿಂದ ಬರುವವರೆಗೆ ಕಾಯುತ್ತದೆ, ಆದರೆ ಜೂನ್ ಬಂದ ಕೂಡಲೇ ಮಳೆ ಬೀಳದ ಕಡೆ ಎತ್ತಿಡಿ. ನಿತ್ಯಪುಷ್ಪ, ಇಲ್ಲಿಯವರ ಸದಾಫುಲಿ, ಬೀಜ ಉದುರಿಸಿ ತಾನೇ ಮತ್ತೆ ಹುಟ್ಟುತ್ತದೆ. ಕಣಗಿಲೆ ಗಟ್ಟಿ ಗಿಡ, ಆದರೆ ಬೇರಿನಿಂದ ಹೂವಿನವರೆಗೆ ವಿಷ. ಅಡೆನಿಯಂ ಹಾಲೂ ವಿಷವೇ. ಸಣ್ಣ ಮಕ್ಕಳಿರುವ ಮನೆಗೆ ನಾನು ಈ ಎರಡನ್ನೂ ಹೇಳುವುದಿಲ್ಲ.

ನೆರಳಿಗೆ ಸ್ನೇಕ್ ಪ್ಲಾಂಟ್. ಅರ್ಧ ಬಿಸಿಲಿಗೆ ಲೋಳೆಸರ, ದೊಡ್ಡಪತ್ರೆ. ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿದರೆ ಸಾಕು, ತಂಬುಳಿಗೂ ಆಯಿತು. ದಕ್ಷಿಣದ ಬಾಲ್ಕನಿಯವರು ಒಂದು ವಿಷಯ ನೆನಪಿಡಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ಮುಂಬಯಿಗಿಂತ ಸ್ವಲ್ಪ ಉತ್ತರಕ್ಕೆ ಇರುತ್ತಾನೆ. ಚಳಿಗಾಲದಲ್ಲಿ ಬಿಸಿಲು ತುಂಬಿದ್ದ ಜಾಗ ಆಗ ನೆರಳಾಗುತ್ತದೆ. ಊರಿಗೆ ಹೊರಡುವ ಮುಂಚೆ ಕುಂಡಗಳನ್ನೆಲ್ಲ ಗೋಡೆಯ ನೆರಳಿಗೆ ಒತ್ತಾಗಿ ಸೇರಿಸಿಡಿ. ಅಷ್ಟೇ.

ಪಟ್ಟಿಯಲ್ಲಿ ತುಳಸಿ ಯಾಕಿಲ್ಲ ಎಂದು ನೀವು ಕೇಳಿಲ್ಲ. ಆದರೆ ನಮ್ಮವರ ಮನೆಯ ಮೊದಲ ಕುಂಡವೇ ಅದು, ಹೇಳದೆ ಬಿಡಲು ಮನಸ್ಸಿಲ್ಲ. ತುಳಸಿ ಕಡಿಮೆ ಆರೈಕೆಯ ಗಿಡವಲ್ಲ. ಅದರ ಆಯುಷ್ಯವೂ ಕಮ್ಮಿ. ಹೂಬಿಟ್ಟು ಬೀಜ ಕಟ್ಟಿತೆಂದರೆ ಕ್ರಮೇಣ ಸೊರಗುತ್ತದೆ. ಕಾರ್ತಿಕದಲ್ಲಿ ತುಳಸಿ ಲಗ್ನ ಮಾಡಿ, ಚಳಿಗೆ ಗಿಡ ಒಣಗಿದಾಗ ಮನೆಗೆ ಏನೋ ಕೇಡು ಎಂದು ಕೆಲವರು ಕಂಗಾಲಾಗುತ್ತಾರೆ. ಹಾಗೇನೂ ಇಲ್ಲ, ಅದು ಗಿಡದ ಸ್ವಭಾವ. ಮಂಜರಿ ಕಂಡ ಕೂಡಲೇ ಚಿವುಟಿದರೆ ಅದರ ಆಯುಷ್ಯ ಹೆಚ್ಚುತ್ತದೆ. ಚಿವುಟಿದ್ದು ದೇವರಿಗೆ ಏರಿಸಲು ಆಗುತ್ತದೆ. ಪೂಜೆಯ ನೀರು ದಿನಾ ಒಂದು ಉದ್ಧರಣೆ ಸಾಕು, ಚೊಂಬು ಬೇಡ. ಹಾಲು ಹಾಕಬೇಡಿ, ಮಣ್ಣು ಹುಳಿಯುತ್ತದೆ. ಅರಿಶಿನ ಕುಂಕುಮ ಕುಂಡದ ಹೊರಮೈಗೆ ಹಚ್ಚಿ. ನಾಲ್ಕೈದು ಗಂಟೆಯಾದರೂ ನೇರ ಬಿಸಿಲು ಬೇಕು. ಒಂದೆರಡು ಮಂಜರಿ ಮಾತ್ರ ಒಣಗಲು ಬಿಟ್ಟು, ಆ ಬೀಜವನ್ನು ಇನ್ನೊಂದು ಕುಂಡದಲ್ಲಿ ಉದುರಿಸಿ. ಮೇಲೆ ಮಣ್ಣು ತೆಳ್ಳಗೆ ಇರಲಿ. ದೊಡ್ಡ ಗಿಡ ಹೋಗುವಷ್ಟರಲ್ಲಿ ಸಸಿ ತಯಾರಿರುತ್ತದೆ. ಆ ಕುಂಡದ ತಳಕ್ಕೂ ಜಲ್ಲಿ ಬೇಡ.