ಎರಡು ವಿದೇಶಿ ಭಾಷೆಗೆ ವಾರದಲ್ಲಿ ಎಷ್ಟು ಪಿರಿಯಡ್?

ಮೇ ತಿಂಗಳ ಕೊನೆಯಲ್ಲಿ ಕಾರವಾರದ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ಶಾಲೆಯ ಅರ್ಜಿಯೊಂದು ಎರಡು ದಿನಗಳಿಂದ ಹಾಗೆಯೇ ಬಿದ್ದಿತ್ತು. ಎಂಟನೇ ತರಗತಿಗೆ ಕಾಲಿಡುವ ಮಗಳು ಫ್ರೆಂಚ್ ಕಲಿಯಬಹುದು, ಜರ್ಮನ್ ಕಲಿಯಬಹುದು, ಬೇಕೆಂದರೆ ಎರಡನ್ನೂ ಕಲಿಯಬಹುದು. ಕನ್ನಡ, ಇಂಗ್ಲಿಷ್, ಹಿಂದಿ ಹೇಗೂ ಇವೆ. ಇದು ಅವುಗಳ ಮೇಲೆ. ವಾರಕ್ಕೆ ಒಟ್ಟು ನಾಲ್ಕು ಪಿರಿಯಡ್. ಒಂದೇ ಭಾಷೆಯಾದರೆ ನಾಲ್ಕೂ ಅದಕ್ಕೆ, ಎರಡಾದರೆ ತಲಾ ಎರಡು. ಅವಕಾಶ ಸಿಕ್ಕಿರುವಾಗ ಎರಡೂ ಇರಲಿ ಎಂದು ಭಾವನ ಆಸೆ. ಎಲ್ಲವೂ ಕಲಸುಮೇಲೋಗರವಾಗಿ ಕೊನೆಗೆ ಇರುವ ಇಂಗ್ಲಿಷೂ ಕೆಟ್ಟೀತು ಎಂದು ಅಕ್ಕನ ಭಯ. ಹುಡುಗಿ ಅರ್ಜಿಯನ್ನು ನನ್ನ ಕಡೆಗೆ ಸರಿಸಿ, "ಮಾವ, ನೀನೇ ಹೇಳು" ಎಂದಳು.

ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವವರೆಗೂ ಬಸ್ಸಿನಲ್ಲಿ ಅದೇ ಯೋಚನೆ. ಆಮೇಲಿನ ಕೆಲವು ದಿನ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವಳಿಗೆ ಕೊಟ್ಟ ಉತ್ತರ, ಆ ಉತ್ತರಕ್ಕೆ ಕಾರಣಗಳು ಬೇರೆ ಮನೆಗಳಿಗೂ ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಕ್ಕನ ಭಯದ ಮಾತು. ತಲೆಯೆಂಬುದು ಅಡಿಕೆ ಚೀಲವಲ್ಲ, ಇಷ್ಟು ತುಂಬಿದ ಮೇಲೆ ಬಾಯಿ ಹೊಲಿಯುವುದಕ್ಕೆ. ಇದಕ್ಕೆ ನಮ್ಮ ಜಿಲ್ಲೆಗಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಈ ಹುಡುಗಿಯನ್ನೇ ನೋಡಿ. ಮನೆಯಲ್ಲಿ ಹವ್ಯಕ ಕನ್ನಡ, ಪುಸ್ತಕದಲ್ಲಿ ಬೇರೆಯೇ ಕನ್ನಡ, ಪಕ್ಕದ ಮನೆಯ ಗೆಳತಿಯರೊಂದಿಗೆ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ. ಭಟ್ಕಳದಲ್ಲಿ ನವಾಯತಿ ಆಡುವ ಮಗು ಕನ್ನಡ, ಉರ್ದುಗಳ ನಡುವೆಯೇ ಬೆಳೆಯುತ್ತದೆ. ಮುಂಡಗೋಡಿನ ಟಿಬೆಟನ್ ವಸಾಹತು 1966ರಲ್ಲಿ ಆರಂಭವಾಯಿತು. ಅಲ್ಲಿ ಹುಟ್ಟಿ ಬೆಳೆದವರು ಪೇಟೆಯಲ್ಲಿ ಕನ್ನಡದಲ್ಲಿ ವ್ಯಾಪಾರ ಮಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇವರಲ್ಲಿ ಯಾರ ತಲೆಯೂ ತುಂಬಿ ತುಳುಕಿಲ್ಲ. ಅರ್ಜಿ ಬಿದ್ದಿದ್ದ ಆ ಮೇಜಿನ ಹೆಸರು ಕೂಡ ಪೋರ್ಚುಗೀಸರ ಜೊತೆ ಬಂದದ್ದು. ಚಾವಿ, ಇಸ್ತ್ರಿ, ಪಾವ್, ಬಟಾಟೆ ಬಂದದ್ದೂ ಅದೇ ದಾರಿಯಲ್ಲಿ.

ಹಲವು ಭಾಷೆ ಬಲ್ಲ ಮಗುವಿಗೆ ಇನ್ನೊಂದು ಭಾಷೆ ಹೊರೆಯಾಗುವುದಕ್ಕಿಂತ ಹಗುರವಾಗುವುದೇ ಹೆಚ್ಚು. ಸ್ಪೇನಿನ ಬಾಸ್ಕ್ ಪ್ರದೇಶದಲ್ಲಿ ಎರಡು ಭಾಷೆ ಬಲ್ಲ ಮಕ್ಕಳು ಇಂಗ್ಲಿಷನ್ನು ಒಂದೇ ಭಾಷೆ ಬಲ್ಲವರಿಗಿಂತ ಚೆನ್ನಾಗಿ ಕಲಿತದ್ದನ್ನು ಸಂಶೋಧಕರು ಗಮನಿಸಿದ್ದಾರೆ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಜರ್ಮನ್ ಕಲಿಯಲು ಕುಳಿತ ಇಂಗ್ಲಿಷ್ ಮಾತಿನವರನ್ನು ಮೊದಲ ವಾರದಲ್ಲೇ ಎಡವಿಸುವುದು ಲಿಂಗ. ಅಲ್ಲಿ ಪ್ರತಿಯೊಂದು ನಾಮಪದಕ್ಕೂ ಮೂರರಲ್ಲೊಂದು ಲಿಂಗವಿದೆ, ಅದಕ್ಕೂ ವಸ್ತುವಿನ ಸ್ವಭಾವಕ್ಕೂ ಸಂಬಂಧವಿಲ್ಲ. ಹುಡುಗಿ ಎಂಬ ಅರ್ಥದ 'ಮೇಡ್ಶೆನ್' ಎಂಬ ಪದ ಸ್ತ್ರೀಲಿಂಗವಲ್ಲ, ನಪುಂಸಕಲಿಂಗ: 'ದಾಸ್ ಮೇಡ್ಶೆನ್'. ಹುಡುಗಿಯನ್ನು 'ಅದು' ಎನ್ನುವುದೇ ಎಂದು ಅವರು ಬೆರಗಾಗುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಬೆರಗಾಗುವವರು ಯಾರು? ಮೊಮ್ಮಗಳು ಅಂಗಳಕ್ಕೆ ಕಾಲಿಟ್ಟರೆ ನನ್ನ ಅಮ್ಮ ಹೇಳುವುದು "ಕೂಸು ಬಂತು" ಎಂದು. ಹವ್ಯಕರಲ್ಲಿ ಕೂಸು ಎಂದರೆ ಹುಡುಗಿ. ಕೊಂಕಣಿಯಲ್ಲೂ ಹುಡುಗಿಗೆ ಹೇಳುವ 'ಚೆಡುಂ' ನಪುಂಸಕವೇ, ಅದನ್ನು 'ತೆಂ' ಎಂದೇ ಕರೆಯುವುದು. ಕೊಂಕಣಿಯಲ್ಲಿ ಗಂಡಿಗೆ ತೊ, ಹೆಣ್ಣಿಗೆ ತೀ, ನಪುಂಸಕಕ್ಕೆ ತೆಂ ಎಂಬ ಮೂರು ಇವೆಯಷ್ಟೇ ಅಲ್ಲ, ಜರ್ಮನ್ನಿನಂತೆಯೇ ನಿರ್ಜೀವ ವಸ್ತುಗಳೂ ಈ ಮೂರರಲ್ಲಿ ಹಂಚಿಹೋಗಿವೆ. ಬರ್ಲಿನ್ನಿನ ವ್ಯಾಕರಣ ಕಾರವಾರದ ಕೋಡಿಬಾಗದ ಬೀದಿಯಲ್ಲಿ ಆಟವಾಡುತ್ತ ಬಂದುಬಿಟ್ಟಿದೆ!

ಫ್ರೆಂಚಿನ ವಿಷಯದಲ್ಲೂ ಇಂಥದ್ದೇ ಒಂದು ಅನುಕೂಲವಿದೆ. ಅದರಲ್ಲಿ ಸ್ವರವನ್ನೇ ಮೂಗಿನಿಂದ ಹೊರಡಿಸುವ ಧ್ವನಿಗಳಿವೆ. ಬರೀ ಪುಸ್ತಕದ ಕನ್ನಡ ಬಲ್ಲವರು ಅಲ್ಲಿ 'ನ್' ಎಂದೋ 'ಮ್' ಎಂದೋ ಸೇರಿಸಿಬಿಡುತ್ತಾರೆ. ಕೊಂಕಣಿಯಲ್ಲಿ 'ನಾನು' ಎನ್ನುವ 'ಹಾಂವ್' ಎಂಬ ಮಾತನ್ನೇ ದಿನಕ್ಕೆ ನೂರು ಸಲ ಆಡುವ ಮಗುವಿಗೆ ಆ ಕಷ್ಟ ಕಡಿಮೆ.

ಕಿವಿಯ ಈ ಪಳಗುವಿಕೆ ಎಷ್ಟು ಬೇಗ ಶುರುವಾಗುತ್ತದೆ ಎಂಬುದನ್ನು ತೋರಿಸಿದ ಪ್ರಯೋಗವೊಂದು ಭಾರತೀಯರಿಗೆ ವಿಶೇಷವಾಗಿ ಆಪ್ತವಾದದ್ದು. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಶಿಶುಗಳಿಗೆ ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ವ್ಯತ್ಯಾಸವನ್ನು ಗುರುತಿಸಿದವು. ಹತ್ತು–ಹನ್ನೆರಡು ತಿಂಗಳ ಹೊತ್ತಿಗೆ ಗುರುತಿಸುವವು ತೀರಾ ಕಡಿಮೆಯಾಗಿದ್ದವು. ಸುತ್ತಲಿನ ಮಾತಿನಲ್ಲಿ ಆ ಭೇದಕ್ಕೆ ಅರ್ಥವಿಲ್ಲವೆಂದು ಕಂಡ ಮಿದುಳು ಅದನ್ನು ಕೈಬಿಟ್ಟಿತ್ತು. ವಿದೇಶಿಯರು ನಮ್ಮ 'ತಟ್ಟೆ'ಯ ಎರಡು ಅಕ್ಷರಗಳನ್ನು ಬೇರ್ಪಡಿಸಲು ಒದ್ದಾಡುವುದರ ಬೇರು ತೊಟ್ಟಿಲಿನಲ್ಲೇ ಇದೆ.

ಹಾಗಾದರೆ ಹದಿಮೂರು ವರ್ಷದವಳಿಗೆ ತಡವಾಯಿತೇ? ಉಚ್ಚಾರಣೆಯ ಮಟ್ಟಿಗೆ ಸ್ವಲ್ಪ ಹೌದು. ಭಾಷೆಯ ಉಳಿದ ಭಾಗಕ್ಕೆ ಈ ಭಯ ಸಲ್ಲದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂತರ್ಜಾಲದಲ್ಲಿ ಇಂಗ್ಲಿಷ್ ವ್ಯಾಕರಣದ ಪರೀಕ್ಷೆ ಬರೆದ ಸುಮಾರು 6.7 ಲಕ್ಷ ಜನರ ಉತ್ತರಗಳನ್ನು ಪರಿಶೀಲಿಸಿ, ವ್ಯಾಕರಣ ಕಲಿಯುವ ಸಾಮರ್ಥ್ಯ ಸುಮಾರು 17 ವರ್ಷದವರೆಗೂ ಕುಗ್ಗುವುದಿಲ್ಲ ಎಂದಿತು. ಅದೇ ದತ್ತಾಂಶವನ್ನು ಮತ್ತೆ ಲೆಕ್ಕ ಹಾಕಿದವರು ಆ ಗಡಿಯನ್ನು ಪ್ರಶ್ನಿಸಿದ್ದಾರೆ. ಆ ಚರ್ಚೆ ಮುಗಿದಿಲ್ಲ. ನನಗೆ ಹೆಚ್ಚು ಮನದಟ್ಟಾದದ್ದು ಬಾರ್ಸಿಲೋನಾದ ಶಾಲೆಗಳ ಅಧ್ಯಯನ. ಸ್ಪೇನಿನಲ್ಲಿ ವಿದೇಶಿ ಭಾಷೆ ಕಲಿಸಲು ಆರಂಭಿಸುವ ವಯಸ್ಸನ್ನು 11ರಿಂದ 8ಕ್ಕೆ ಇಳಿಸಿದಾಗ ಎರಡೂ ಗುಂಪಿನ ಮಕ್ಕಳು ಒಟ್ಟಿಗೇ ಹೋಲಿಕೆಗೆ ಸಿಕ್ಕರು. 200 ಗಂಟೆ, 416 ಗಂಟೆ, 726 ಗಂಟೆ ಪಾಠ ಮುಗಿದಾಗಲೆಲ್ಲ ಅವರನ್ನು ಅಳೆದು ನೋಡಿದರು. ಅಷ್ಟೇ ಗಂಟೆಗಳ ಪಾಠದಲ್ಲಿ ತಡವಾಗಿ ಶುರುಮಾಡಿದ ದೊಡ್ಡ ಮಕ್ಕಳೇ ಬಹುತೇಕ ಮುಂದಿದ್ದರು. ಚಿಕ್ಕ ಮಗು ಭಾಷೆಯಲ್ಲಿ ಮುಳುಗಿದ್ದಾಗ ತಾನಾಗಿ ಹೀರಿಕೊಳ್ಳುತ್ತದೆ. ವಾರಕ್ಕೆ ಕೆಲವು ಪಿರಿಯಡ್ಡುಗಳ ತರಗತಿಯಲ್ಲಿ ಹೀರಲು ನೀರೇ ಇರುವುದಿಲ್ಲ. ಅಲ್ಲಿ ನಿಯಮವನ್ನು ಗ್ರಹಿಸಿ, ಹೋಲಿಸಿ, ನೆನಪಿಡುವ ಬುದ್ಧಿ ಬೇಕು. ಅದು ಹದಿಮೂರರಲ್ಲಿ ಎಂಟಕ್ಕಿಂತ ಚೆನ್ನಾಗಿದೆ, ಹದಿನಾರರಲ್ಲೂ ಇರುತ್ತದೆ. ಈಗಲೇ ಎರಡೂ ಹಿಡಿಯದಿದ್ದರೆ ಬಾಗಿಲು ಮುಚ್ಚಿಹೋಗುತ್ತದೆ ಎಂಬ ಅವಸರಕ್ಕೆ ಆಧಾರವಿಲ್ಲ ಎಂದು ಭಾವನಿಗೆ ಹೇಳಿದೆ.

ಕಲಸಿಹೋಗುವ ವಿಷಯದಲ್ಲಿ ಮಾತ್ರ ಅಕ್ಕನ ಮಾತಿನಲ್ಲಿ ಅರ್ಧ ನಿಜವಿದೆ. ಕೊಂಕಣಿ ಕಲಿಯುತ್ತಿದ್ದ ಹೊಸದರಲ್ಲಿ ಕಾರವಾರದ ಅಂಗಡಿಯೊಂದರಲ್ಲಿ ನಾನು ನೀರು ಕೇಳಬೇಕಿತ್ತು. 'ಉದಕ' ಎಂಬ ಪದ ನೆನಪಿಗೆ ಬರಲಿಲ್ಲ. ಆ ಖಾಲಿ ಜಾಗಕ್ಕೆ ಹುಟ್ಟಿದಂದಿನಿಂದ ಆಡುವ 'ನೀರು' ಬರಬೇಕಿತ್ತಲ್ಲವೇ? ಬಂದದ್ದು ಹಿಂದಿಯ 'ಪಾನಿ'. ಇದನ್ನು ಭಾಷಾವಿಜ್ಞಾನಿಗಳು ಬಹಳ ಕಾಲದಿಂದ ಬಲ್ಲರು. 1998ರಲ್ಲಿ ಸಾರಾ ವಿಲಿಯಮ್ಸ್ ಮತ್ತು ಬ್ಯೋರ್ನ್ ಹ್ಯಾಮರ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ ಕಲಿಯುವವರು ವಿಲಿಯಮ್ಸ್ ಅವರೇ: ಮಾತೃಭಾಷೆ ಇಂಗ್ಲಿಷ್, ನಡುವೆ ಕಲಿತದ್ದು ಜರ್ಮನ್, ಹೊಸದಾಗಿ ಕಲಿಯುತ್ತಿದ್ದದ್ದು ಸ್ವೀಡಿಷ್. ಸ್ವೀಡಿಷ್ ಪದ ಸಿಗದೆ ಹೊಸ ಪದ ಕಟ್ಟುವಾಗ ಅವರ ಮನಸ್ಸು ಮೊರೆಹೋಗುತ್ತಿದ್ದದ್ದು ಹೆಚ್ಚಾಗಿ ಜರ್ಮನ್ನಿಗೆ. 'ಪರಭಾಷೆಯಲ್ಲಿ ಮಾತಾಡುತ್ತಿದ್ದೇನೆ' ಎಂಬ ಸ್ಥಿತಿಗೆ ಹೊರಳಿದ ಮನಸ್ಸು ಮನೆಮಾತನ್ನು ಅದುಮಿಡುತ್ತದೆ, ಕಲಿತ ಭಾಷೆಗಳನ್ನೆಲ್ಲ ಒಂದೇ ಕಪಾಟಿನಲ್ಲಿಟ್ಟುಕೊಳ್ಳುತ್ತದೆ ಎಂದು ಕೆಲವರು ಇದನ್ನು ವಿವರಿಸುತ್ತಾರೆ. ಭಾಷೆಗಳು ಒಂದಕ್ಕೊಂದು ಹತ್ತಿರವಾದಷ್ಟೂ ಅದಲುಬದಲು ಹೆಚ್ಚು. ಹಿಂದಿ, ಕೊಂಕಣಿಗಳ ನಂಟೂ ನನ್ನ 'ಪಾನಿ'ಗೆ ಕಾರಣವಾಗಿದ್ದಿರಬೇಕು.

ಇಂಥ ಗೊಂದಲದಿಂದ ಮನೆಮಾತಿಗೆ ಅಪಾಯವಿಲ್ಲ, ಚೆನ್ನಾಗಿ ಬೇರೂರಿದ ಇಂಗ್ಲಿಷಿಗೂ ಇಲ್ಲ. ಅಪಾಯವಿರುವುದು ಒಂದೇ ದಿನ ಬಿತ್ತಿದ ಎರಡು ಎಳೆಯ ಸಸಿಗಳಿಗೆ. ಅದರಲ್ಲೂ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್‌ನಂಥ ಅವಳಿಗಳನ್ನು ಒಟ್ಟಿಗೆ ಶುರುಮಾಡುವುದನ್ನು ನಾನು ಯಾರಿಗೂ ಹೇಳಲಾರೆ. ಫ್ರೆಂಚ್, ಜರ್ಮನ್ ಅಷ್ಟು ಹತ್ತಿರದವಲ್ಲ. ಎರಡೂ ಇಂಗ್ಲಿಷಿನ ನೆಂಟರು ಎಂಬುದೇ ಅಲ್ಲಿನ ತೊಡಕು: ಫ್ರೆಂಚಿನ 'ಲಿಬ್ರೆರಿ' ಗ್ರಂಥಾಲಯವಲ್ಲ, ಪುಸ್ತಕದಂಗಡಿ. ಜರ್ಮನ್ನಿನಲ್ಲಿ 'ಗಿಫ್ಟ್' ಎಂದರೆ ವಿಷ.

ಆದರೂ ನನ್ನ ಉತ್ತರವನ್ನು ತೀರ್ಮಾನಿಸಿದ್ದು ಗೊಂದಲವಲ್ಲ, ಗಂಟೆಗಳು. ಅಕ್ಕನ ಮನೆಯ ಆ ಅರ್ಜಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. 40 ನಿಮಿಷದ ನಾಲ್ಕು ಪಿರಿಯಡ್ ಎಂದರೆ ವಾರಕ್ಕೆ 160 ನಿಮಿಷ. ವರ್ಷಕ್ಕೆ 35 ವಾರ ಪಾಠ ನಡೆಯಿತೆಂದುಕೊಂಡರೆ ಸುಮಾರು 93 ಗಂಟೆ. ಹತ್ತನೇ ತರಗತಿ ಮುಗಿಯುವಾಗ 280 ಗಂಟೆ. ಎರಡು ಭಾಷೆಗೆ ಹಂಚಿದರೆ ತಲಾ 140. ಜುಲೈ ಮಳೆಗೆ ಜಿಲ್ಲಾಡಳಿತ ಕೊಡುವ ರಜೆಗಳನ್ನು ಇದರಲ್ಲಿ ಕಳೆದಿಲ್ಲ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸರ್ಕಾರಿ ಸಂಸ್ಥೆಯ ಅನುಭವದಲ್ಲಿ, ಇಂಗ್ಲಿಷ್ ಮಾತಿನ ವಯಸ್ಕರು ಫ್ರೆಂಚಿನಲ್ಲಿ ಕೆಲಸ ನಿಭಾಯಿಸುವಷ್ಟು ಪರಿಣತರಾಗಲು 600ರಿಂದ 750 ಗಂಟೆಗಳ ತರಗತಿ ಬೇಕು. ಜರ್ಮನ್ನಿಗೆ ಇನ್ನೂ ಹೆಚ್ಚು, ಜಪಾನಿಗೆ 2200. ಜಪಾನಿಯ ಈ ಅಂಕಿ ನಮಗೆ ಪೂರ್ತಿ ಅನ್ವಯಿಸುತ್ತದೆಂದು ನನಗೆ ಅನ್ನಿಸುವುದಿಲ್ಲ. 'ಗಕ್ಕೋ ನಿ ಇಕಿಮಾಸು' ಎಂಬ ವಾಕ್ಯ 'ಶಾಲೆಗೆ ಹೋಗುತ್ತೇನೆ' ಎಂದು ಪದಕ್ಕೆ ಪದ ಕೂರುತ್ತದೆ. ಕ್ರಿಯಾಪದ ಕೊನೆಗೆ, 'ಗೆ' ಇರುವಲ್ಲಿ 'ನಿ'. ಲಿಪಿಯ ಕಷ್ಟ ಮಾತ್ರ ಎಲ್ಲರಿಗೂ ಒಂದೇ.

ಹೀಗೆ ನೋಡಿದರೆ 280 ಗಂಟೆಯೂ ದಡ ಮುಟ್ಟಿಸುವುದಿಲ್ಲ. ಆದರೆ ಸರಳ ಕತೆ ಓದುವ, ನಾಲ್ಕು ಸಾಲಿನ ಪತ್ರ ಬರೆಯುವ, ಮುಂದಿನದನ್ನು ತಾನೇ ಕಲಿಯುವ ಹಂತಕ್ಕೆ ಒಯ್ಯಬಲ್ಲದು. 140 ಗಂಟೆ ಹೆಸರು, ಊರು, ಬಣ್ಣ, ಗಡಿಯಾರದ ಸಮಯ ಹೇಳುವಲ್ಲಿಗೆ ನಿಲ್ಲುವ ಸಂಭವವೇ ಹೆಚ್ಚು. ಅಲ್ಲಿ ಬಿಟ್ಟ ಭಾಷೆ ಎರಡು ಮಳೆಗಾಲದಲ್ಲಿ ತೊಳೆದುಹೋಗುತ್ತದೆ.

ಮರೆವಿನ ಈ ವೇಗವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಉರುಹೊಡೆದು, ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿತಾಯವಾಗುತ್ತದೆ ಎಂದು ವರ್ಷಗಟ್ಟಲೆ ದಾಖಲಿಸಿ 1885ರಲ್ಲಿ ಪ್ರಕಟಿಸಿದರು. ಒಂದು ದಿನ ಕಳೆದರೆ ಉಳಿತಾಯ ಮೂರನೇ ಒಂದರಷ್ಟಕ್ಕೆ ಇಳಿಯುತ್ತಿತ್ತು. ಅವರೇ ಕಂಡ ಇನ್ನೊಂದು ಸಂಗತಿ ಪಾಲಕರಿಗೆ ಅದಕ್ಕಿಂತ ಮುಖ್ಯವಾದದ್ದು: ಒಂದೇ ದಿನ 68 ಸಲ ಓದಿದ್ದರ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಓದಿದಾಗಲೇ ಸಿಕ್ಕಿತು. ವಾರಕ್ಕೆ ನಾಲ್ಕು ಸಲ ಭೇಟಿಯಾಗುವ ಭಾಷೆಗೂ ಎರಡು ಸಲ ಭೇಟಿಯಾಗುವ ಭಾಷೆಗೂ ಇರುವ ಅಂತರ ಬರೀ ದುಪ್ಪಟ್ಟಿನದಲ್ಲ. ಸೋಮವಾರ, ಮಂಗಳವಾರ ಪಾಠವಾಗಿ ಮತ್ತೆ ಸೋಮವಾರ ಬಂದರೆ ಅರ್ಧ ಪಿರಿಯಡ್ ಹಿಂದಿನದನ್ನು ಎಬ್ಬಿಸುವುದಕ್ಕೇ ಬೇಕು.

ಸ್ವೀಡನ್ನಿನ ಸೇನೆಯ ದುಭಾಷಿ ತರಬೇತಿಯಲ್ಲಿ ಅರೇಬಿಕ್, ರಷ್ಯನ್, ದರಿ ಭಾಷೆಗಳನ್ನು ಹಗಲಿರುಳು ಕಲಿತವರ ಮಿದುಳಿನ ಕೆಲವು ಭಾಗಗಳು ಮೂರೇ ತಿಂಗಳಲ್ಲಿ ಅಳೆಯುವಷ್ಟು ಬೆಳೆದದ್ದನ್ನು 2012ರ ಅಧ್ಯಯನವೊಂದು ತೋರಿಸಿತು. ಭಾವ ಈ ಸುದ್ದಿಯನ್ನು ಎಲ್ಲೋ ಓದಿ, ಭಾಷೆ ಹೆಚ್ಚಾದಷ್ಟೂ ಮಿದುಳು ಚುರುಕು ಎಂದು ನಂಬಿದ್ದರು. ಆದರೆ ಆ ಯುವಕರು ಕಲಿತದ್ದು ತಲಾ ಒಂದೇ ಭಾಷೆ, ಅದೂ ದಿನವಿಡೀ. ಹಲವು ಭಾಷೆ ಬಲ್ಲವರ ಬುದ್ಧಿ ಇತರ ಕೆಲಸಗಳಲ್ಲೂ ಹರಿತ ಎಂಬ ಮಾತಂತೂ ಮರುಪರೀಕ್ಷೆಗಳಲ್ಲಿ ಹಲವು ಸಲ ನಿಂತಿಲ್ಲ.

ಯುರೋಪಿನ ಮಕ್ಕಳು ಎರಡು ಕಲಿಯುವುದಿಲ್ಲವೇ ಎಂದು ಭಾವ ಕೇಳಿದರು. ಹೌದು, ಮಾತೃಭಾಷೆಯ ಜೊತೆ ಎರಡು ಪರಭಾಷೆ ಇರಲಿ ಎಂದು ಯುರೋಪಿನ ನಾಯಕರು 2002ರಲ್ಲಿ ಬಾರ್ಸಿಲೋನಾದಲ್ಲೇ ಕರೆ ಕೊಟ್ಟರು. ಆದರೆ ಅಲ್ಲಿನ ಹೆಚ್ಚಿನ ದೇಶಗಳಲ್ಲಿ ಎರಡನೆಯದು ಮೊದಲನೆಯದು ಶುರುವಾಗಿ ಕೆಲವು ವರ್ಷಗಳ ಬಳಿಕ ಬರುತ್ತದೆ. ಹಾಗೆ ಎಣಿಸಿದರೆ ನಮ್ಮ ಹುಡುಗಿಯ ಮೊದಲ ವಿದೇಶಿ ಭಾಷೆ ಇಂಗ್ಲಿಷ್. ಈಗ ಆರಿಸಬೇಕಾದದ್ದು ಎರಡನೆಯದನ್ನು. ಭಾವ ಕೇಳುತ್ತಿದ್ದದ್ದು ಮೂರನೆಯದನ್ನೂ ಈಗಲೇ ಸೇರಿಸಬೇಕೇ ಎಂದು. ಬೇಡ ಎಂದೆ, ಒಂದು ಭಾಷೆ ತನ್ನ ಕಾಲ ಮೇಲೆ ನಿಲ್ಲಲಿ, ಹನ್ನೊಂದನೆಯ ತರಗತಿಯಲ್ಲೋ ಕಾಲೇಜಿನಲ್ಲೋ ಇನ್ನೊಂದು ಬರಲಿ. ಯಾವುದೆಂಬುದನ್ನು ಮಾತ್ರ ಹೇಳಲಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಯಾವುದರ ಜೊತೆ ಕೂರಲು ಇಷ್ಟವೋ ಅದನ್ನು ಅವಳೇ ಆರಿಸಬೇಕಿತ್ತು.

ಆಗಸ್ಟಿನಲ್ಲಿ ಮತ್ತೆ ಹೋದಾಗ ಅವಳ ಜರ್ಮನ್ ಪಟ್ಟಿ ಮೇಜಿನ ಮೇಲಿತ್ತು. ಮೊದಲ ಪುಟದಲ್ಲಿ ಮೂರು ಬಣ್ಣದ ಶಾಯಿಯಲ್ಲಿ ಅವನು, ಅವಳು, ಅದು ಎಂಬ ಅರ್ಥದ ಏರ್, ಜೀ, ಎಸ್ ಬರೆದುಕೊಂಡಿದ್ದಳು. ಪ್ರತಿಯೊಂದರ ಎದುರಿಗೆ, ಅದೇ ಬಣ್ಣದಲ್ಲಿ, ಕನ್ನಡ ಲಿಪಿಯಲ್ಲಿ: ತೊ, ತೀ, ತೆಂ.