ಶಬ್ದ ನಿಂತಿತೆಂದರೆ ಗಾಯ ಮಾಗಿತೆಂದಲ್ಲ

"ತಲೆಯೊಳಗೆ ಹಿಟ್ಟಿನ ಗಿರಣಿ ಓಡುತ್ತಿದೆ ಸರ್, ರಾತ್ರಿ ನಿದ್ದೆಯಿಲ್ಲ." ತೆಂಗಿನ ತೋಟದ ಯಜಮಾನರೊಬ್ಬರು ಹೇಳಿದ ಮಾತಿದು. ಬೈಕಿನಿಂದ ಬಿದ್ದು ಆರು ವಾರವಾಗಿತ್ತು. ಬಲಗಣ್ಣು ಕೆಂಪಾಗಿ ಮುಂದಕ್ಕೆ ಉಬ್ಬಿತ್ತು. ಒಂದು ತಿಂಗಳು ಕಣ್ಣಿಗೆ ಡ್ರಾಪ್ಸ್ ಹಾಕಿಕೊಂಡಿದ್ದರಂತೆ. ಮುಚ್ಚಿದ ರೆಪ್ಪೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೆ. ಎದೆಬಡಿತಕ್ಕೆ ಸರಿಯಾಗಿ ಬುಸ್, ಬುಸ್ ಎಂಬ ಸದ್ದು ನನಗೂ ಕೇಳಿಸಿತು. ಮಿದುಳಿಗೆ ಹೋಗುವ ಕೆರೋಟಿಡ್ ಧಮನಿ ತಲೆಬುರುಡೆಯ ತಳದಲ್ಲಿ ತೂತಾಗಿ, ರಕ್ತ ಕಣ್ಣಿನ ಹಿಂದಿನ ಅಭಿಧಮನಿಗಳಿಗೆ ನುಗ್ಗುತ್ತಿತ್ತು.

ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಎಂಬ ತೆಳು ಕೊಳವೆ ಏರಿಸಿ, ಅದರ ತುದಿಯ ಪುಟ್ಟ ಬಲೂನನ್ನು ಆ ತೂತಿನಾಚೆಗೆ ತಲುಪಿಸಿ ಉಬ್ಬಿಸಿದೆವು. ಎಚ್ಚರವಾಗಿಯೇ ಇದ್ದ ಅವರು "ಗಿರಣಿ ನಿಂತಿತು ಸರ್!" ಎಂದರು.

ಅಲ್ಲಿಗೆ ಎಲ್ಲ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ. ಹೊರಗೆ ಕುಳಿತವರು "ಇನ್ನೂ ಯಾಕೆ ತಡ?" ಎಂದು ನರ್ಸ್‌ಗಳನ್ನು ಕಾಡುತ್ತಾರೆ. ಈ ಬಲೂನನ್ನು ಕ್ಯಾತಿಟರಿನಿಂದ ಒಮ್ಮೆ ಬಿಡಿಸಿದ ಮೇಲೆ ಮತ್ತೆ ಹಿಡಿಯಲು ನಮ್ಮ ಕೈಯಲ್ಲಿ ದಾರವಿರುವುದಿಲ್ಲ. ಅದು ಜಾರಿ ಧಮನಿಯ ಹರಿವಿಗೆ ಸಿಕ್ಕಿದರೆ ಮಿದುಳಿನ ಕವಲೊಂದನ್ನು ಮುಚ್ಚಿ ಪಾರ್ಶ್ವವಾಯು ತರಬಲ್ಲದು. ಅದಕ್ಕೇ ಬಿಡಿಸುವ ಮೊದಲು ಮತ್ತೆ ಮತ್ತೆ ಕಾಂಟ್ರಾಸ್ಟ್, ಅಂದರೆ ಎಕ್ಸ್‌-ರೇಯಲ್ಲಿ ಕಾಣುವ ದ್ರಾವಣ, ಹಾಯಿಸಿ ನೋಡುತ್ತೇವೆ: ತೂತು ಮುಚ್ಚಿದೆಯೇ, ಧಮನಿ ತೆರೆದೇ ಇದೆಯೇ, ರೋಗಿ ಕೈ ಎತ್ತುತ್ತಾರೆಯೇ, ಕೇಳಿದ್ದಕ್ಕೆ ಉತ್ತರಿಸುತ್ತಾರೆಯೇ. ಒಳಗೆ ತುಂಬುವ ದ್ರಾವಣದ ಸಾಂದ್ರತೆಯೂ ರಕ್ತದ್ದಕ್ಕೆ ಹೊಂದಬೇಕು. ವಿಶೇಷವಾಗಿ ಸಿಲಿಕೋನ್ ಬಲೂನಿನಲ್ಲಿ ಹೊಂದದಿದ್ದರೆ ಅದು ನೀರೆಳೆದು ಹಿಗ್ಗುತ್ತದೆ, ಇಲ್ಲವೇ ನೀರು ಬಿಟ್ಟು ಕುಗ್ಗುತ್ತದೆ. ಮಾಸ್ಕೋದ ನರಶಸ್ತ್ರಚಿಕಿತ್ಸಕ ಫ್ಯೋದರ್ ಸೆರ್ಬಿನೆಂಕೊ ಈ ವಿಧಾನವನ್ನು 1974ರಲ್ಲಿ ಜಗತ್ತಿನ ಮುಂದಿಟ್ಟರು. ಮೇ ದಿನದ ಮೆರವಣಿಗೆಯಲ್ಲಿ ಮಕ್ಕಳು ದಾರ ಹಿಡಿದು ಆಡಿಸುತ್ತಿದ್ದ ಬಲೂನುಗಳಿಂದ ಅವರಿಗೆ ಇದು ಹೊಳೆಯಿತೆಂಬ ಕಥೆ ನಮ್ಮವರ ನಡುವೆ ಓಡಾಡುತ್ತದೆ. ಈಗ ಅನೇಕ ಕಡೆ ಬಲೂನಿಗಿಂತ ಕಾಯಿಲ್‌ಗಳೆಂಬ ತೆಳು ಲೋಹದ ಸುರುಳಿಗಳೇ ಹೆಚ್ಚು. ಯಾರಿಗೆ ಯಾವುದು ಎಂಬುದನ್ನು ಆಂಜಿಯೋ, ಅಂದರೆ ರಕ್ತನಾಳಗಳ ಎಕ್ಸ್‌-ರೇ ಚಿತ್ರ, ನೋಡಿದ ವೈದ್ಯರೇ ಹೇಳಬೇಕು.

ನಾನು ಹೇಳಿ ಹೇಳಿ ಸೋತಿರುವುದು ಮುಂದಿನ ಮಾತನ್ನು. ಬಲೂನ್ ಗಾಯವನ್ನು ಮಾಗಿಸುವುದಿಲ್ಲ, ತೂತಿಗೆ ಒತ್ತಾಗಿ ಕೂತಿರುತ್ತದೆ, ಅಷ್ಟೆ. ಸುತ್ತ ರಕ್ತ ಹೆಪ್ಪುಗಟ್ಟಿ, ಅದರ ಮೇಲೆ ದೇಹ ತನ್ನದೇ ಪೊರೆ ಕಟ್ಟಬೇಕು. ವಾರಗಳು ಕಳೆದಂತೆ ಬಲೂನ್ ತಾನಾಗಿ ಕುಗ್ಗುತ್ತದೆ. ಅಷ್ಟರೊಳಗೆ ಪೊರೆ ಕಟ್ಟಿರಬೇಕು. ಸದ್ದು ನಿಲ್ಲುವುದಕ್ಕೆ ಒಂದು ಕ್ಷಣ ಸಾಕು, ಪೊರೆ ಕಟ್ಟುವುದಕ್ಕೆ ಸಾಲದು. ಕಣ್ಣಿನ ಕೆಂಪು ಇಳಿಯಿತೆಂದು ಮೂಟೆ ಹೊರುವುದು, ಮಲಬದ್ಧತೆಯಲ್ಲಿ ತಿಣುಕುವುದು, ಮರುತಪಾಸಣೆಗೆ ಬಾರದಿರುವುದು, ಇವು ನನ್ನ ನಿದ್ದೆ ಕೆಡಿಸುತ್ತವೆ.

ಆ ಯಜಮಾನರು ಮನೆಗೆ ಹೋದ ನಾಲ್ಕನೆಯ ದಿನ ತೆಂಗಿನಕಾಯಿ ಚೀಲ ಹೊತ್ತರು. ಮರುದಿನ ಗಿರಣಿ ಮತ್ತೆ ಓಡತೊಡಗಿತು. ಚೀಲವೇ ಕಾರಣವೆಂದು ಪ್ರಮಾಣ ಮಾಡಿ ಹೇಳಲಾರೆ. ಮುರಿದ ಎಲುಬಿನ ಮೊನೆ ತಗುಲಿಯೂ ಬಲೂನ್ ಬೇಗ ಕುಗ್ಗುವುದುಂಟು. ಎರಡನೆಯ ಬಲೂನ್ ಇಟ್ಟೆವು. ಸದ್ದು ನಿಂತಾಗ ಈ ಸಲ ಅವರು ಕೂಗಲಿಲ್ಲ. "ಎಷ್ಟು ದಿನ ಸುಮ್ಮನಿರಬೇಕು ಸರ್?" ಎಂದು ಕೇಳಿದರು. ಹೇಳಿದ ದಿನಕ್ಕೆ ಸರಿಯಾಗಿ ತಪಾಸಣೆಗೆ ಬಂದರು. ನನಗೆಂದು ತಂದಿದ್ದ ಎಳನೀರಿನ ಚೀಲವನ್ನು ಅವರ ಮಗ ಹೊತ್ತಿದ್ದ.